ಗುಂಡುವಿನ ಕರುಳಲ್ಲಿ ಇಲ್ಲದವರು

ಮೇ ೪

ಮಹಾರಾಜಶ್ರೀ ಅಕ್ಕನವರ ಘನ ಸನ್ನಿಧಾನಕ್ಕೆ,

ದೂರದೂರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಜನರ ದೇಹದ ಚೂರುಗಳನ್ನು ಮೇಣದಲ್ಲಿ ಹೂತು, ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ ಹೊಟ್ಟೆ ಹೊರೆದುಕೊಳ್ಳುತ್ತಿರುವ ತಮ್ಮ ಏಕಮಾತ್ರ ತಮ್ಮನು ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ: ತಾವು ಫೋನಿನಲ್ಲಿ "ಹ್ಞೂಂ" ಎಂಬ ಒಂದೇ ಶಬ್ದದಿಂದ ಸಮಸ್ತ ವ್ಯವಹಾರವನ್ನೂ ನಡೆಸುತ್ತಿರುವುದರಿಂದಲೂ, ಮಗುವನ್ನು ಸೇರಿಸಿರುವ ಮಕ್ಕಳ ವಾರ್ಡಿನ ಬಾಗಿಲಲ್ಲಿ ತಮ್ಮಿಂದ ಆ ಫೋನನ್ನೂ ಇಸಿದುಕೊಳ್ಳುತ್ತಿರುವುದರಿಂದಲೂ, ಇನ್ನು ಮುಂದೆ ನಮ್ಮಿಬ್ಬರ ಮಾತುಕತೆ ಕಾಗದದ ಮೂಲಕವೇ ನಡೆಯತಕ್ಕದ್ದು.

ಗುಂಡು ಹೇಗಿದ್ದಾಳೆ? ಆ ಹೆಸರು ನಾನು ಸುಮ್ಮನೆ ಇಟ್ಟದ್ದಲ್ಲ. ಅವಳಿನ್ನೂ ನಿನ್ನ ಹೊಟ್ಟೆಯಲ್ಲಿದ್ದಾಗಲೇ, ಹೊಟ್ಟೆಯ ಗಾತ್ರವನ್ನು ದೂರದಿಂದಲೂ ಹತ್ತಿರದಿಂದಲೂ ಪರಿಶೀಲಿಸಿ, ದೀರ್ಘಾಲೋಚನೆಯ ನಂತರ ಇಟ್ಟದ್ದು. ಹುಟ್ಟಿ ನಾಲ್ಕು ತಿಂಗಳಾದರೂ ಅವಳು ಹೆಸರಿಗೆ ತಕ್ಕಂತೆ ದುಂಡಗಾಗದಿರುವುದು ಶಿಸ್ತಿನ ಉಲ್ಲಂಘನೆ ಎಂದು ಅವಳ ಕಿವಿಯಲ್ಲಿ ಹೇಳು. ಈ ಭೇದಿಯನ್ನು ಕೂಡಲೇ ನಿಲ್ಲಿಸದಿದ್ದರೆ ಸೋದರಮಾವನು ಖುದ್ದಾಗಿ ಬಂದು ವಿಚಾರಣೆ ನಡೆಸುವನು ಎಂದೂ ಹೇಳು. (ರಜೆ ಸಿಕ್ಕರೆ.)

ರಜೆ ಸಿಗುವ ಲಕ್ಷಣವಿಲ್ಲ. ನನಗೆ ಎಚ್ಚರಿಕೆ ಪತ್ರ ಕೊಟ್ಟಿದ್ದಾರೆ. ಅಪರಾಧ: ಈರುಳ್ಳಿ. ನಮ್ಮ ಹಿರಿಯ ಮೇಡಂ, ಅಂದರೆ ನಾವು ಬಣ್ಣ ಹಚ್ಚಿ ಕೊಟ್ಟ ಗಾಜಿನ ಸ್ಲೈಡುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ರೋಗ ಹೇಳುವ ಮುಖ್ಯ ವೈದ್ಯೆ, ಅವರ ಬೆಳಗಿನ ಸ್ಲೈಡುಗಳ ತಟ್ಟೆಯಲ್ಲಿ ನಾನು ಈರುಳ್ಳಿಯ ಒಂದು ಪೊರೆಯನ್ನು ಚೆನ್ನಾಗಿ ಗುಲಾಬಿ ನೇರಳೆ ಮಾಡಿ, "ಅಪರೂಪದ ಗೆಡ್ಡೆ" ಎಂದು ಚೀಟಿ ಅಂಟಿಸಿ ಇಟ್ಟೆ. ಅವರು ಇಬ್ಬರು ವಿದ್ಯಾರ್ಥಿಗಳನ್ನು ಕರೆದು ಪಾಠವನ್ನೇ ಶುರು ಮಾಡಿದರು. "ನೋಡಿ, ಎಷ್ಟು ಶಿಸ್ತಾಗಿ ಸಾಲಾಗಿ ಕೂತಿವೆ. ಒಂದೊಂದಕ್ಕೂ ಗೋಡೆ ನೋಡಿ." ಗೋಡೆ ಅಂದವರೇ ನಿಲ್ಲಿಸಿದರು. ಮನುಷ್ಯನ ಜೀವಕೋಶಕ್ಕೆ ಗೋಡೆ ಇರುವುದಿಲ್ಲ, ಅದು ಇರುವುದು ಗಿಡಗಳಿಗೆ. ಕುರ್ಚಿ ನಿಧಾನಕ್ಕೆ ನನ್ನ ಕಡೆ ತಿರುಗಿತು. "ಉಪ್ಪು ಖಾರ ಹಾಕಿದ್ದೀಯೋ, ಹಾಗೇ ತಂದ್ಯೋ?" ಇನ್ನೊಂದು ತಮಾಷೆ ಆದರೆ ನನ್ನನ್ನೇ ಮೇಣದಲ್ಲಿ ಹೂಳುತ್ತಾರಂತೆ.

ಇನ್ನು ಆ ಹ್ಞೂಂಗಳ ನಡುವೆ ನೀನು ಕೇಳಿದ ಒಂದೇ ಪ್ರಶ್ನೆ. ಬಾಯಿಂದ ಕೊಳವೆ ಇಳಿಸಿ ಗುಂಡುವಿನ ಸಣ್ಣ ಕರುಳಿನಿಂದ ಅಕ್ಕಿಕಾಳಿಗಿಂತ ಸಣ್ಣ ಚೂರು ತೆಗೆದು ಏನು ನೋಡುತ್ತಾರೆ ಅಂತ. ಅಲ್ಲಿನ ಸಿಬ್ಬಂದಿಯನ್ನು ನೋಡುತ್ತಾರೆ. ಕರುಳಿನ ಒಳಗೋಡೆಯಲ್ಲಿ ಊಟವನ್ನು ಹೀರಿಕೊಳ್ಳುವ ಕೂಲಿಗಳೇ ಬಹುಪಾಲು. ಅವರ ನಡುವೆ ಕೆಲವು ವಿಶೇಷ ನೌಕರರಿದ್ದಾರೆ, ಒಂದಲ್ಲ ಒಂದು ರಸ ಸುರಿಸುವುದೇ ಇವರ ಉದ್ಯೋಗ. ಒಂದು, ಲೋಳೆಯವರು: ಬಟ್ಟಲಿನ ಆಕಾರ, ಸದಾ ಲೋಳೆ ಸುರಿಸಿ ದಾರಿ ನುಣುಪು ಮಾಡುತ್ತಾರೆ. ಎರಡು, ಕಾವಲಿನವರು: ಒಳಗೋಡೆಯ ಸಣ್ಣ ಗುಂಡಿಗಳ ತಳದಲ್ಲಿ ಕೂತು ಬಂದ ಕ್ರಿಮಿಗಳ ಮೇಲೆ ವಿಷ ಉಗುಳುತ್ತಾರೆ. ಮೂರು, ಸುದ್ದಿಯವರು: ನೂರಕ್ಕೆ ಒಬ್ಬರು, ಅಷ್ಟೇ. ಬಂದ ಊಟದ ರುಚಿ ನೋಡಿ, "ಹಾಲು ಬಂತು, ರಸ ಬಿಡಿ, ನಿಧಾನ ಮಾಡಿ, ಸಾಕು" ಎಂದು ರಕ್ತದ ಮೂಲಕ ಊರಿಗೆಲ್ಲ ಸಾರುತ್ತಾರೆ. ನೋಡಲು ಎಷ್ಟು ಸಾಧುಗಳೆಂದರೆ ಮಾಮೂಲಿ ಬಣ್ಣದಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಗುಂಡುವಿನ ಸಿಬ್ಬಂದಿಯಲ್ಲಿ ಯಾರೋ ಮೈಗಳ್ಳರಿರಬೇಕು. ಹಿಡಿದು ಬುದ್ಧಿ ಹೇಳುತ್ತಾರೆ. ಹೆದರಬೇಡ.

ಇಂತಿ,
ಈರುಳ್ಳಿ ಪ್ರಕರಣದ ಮೊದಲನೆಯ ಹಾಗೂ ಕೊನೆಯ ಆರೋಪಿ,
ಕೋತಿ


ಮೇ ೧೯

ಕೋತಿ,

ನಿನ್ನ ಕಾಗದ ಓದಿ ಗಟ್ಟಿಯಾಗಿ ನಕ್ಕಿದ್ದೆ. ಪಕ್ಕದ ಹಾಸಿಗೆಯ ತಾಯಿ ಏನೂ ಗೊತ್ತಿಲ್ಲದೆ ತಾನೂ ನಕ್ಕಿದ್ದಳು. ಅದು ರಿಪೋರ್ಟು ಬರುವ ಮುಂಚಿನ ಮಾತು.

ರಿಪೋರ್ಟಿನಲ್ಲಿ ಎಲ್ಲ ಸಹಜ ಅಂತ ಬಂತು. ನನಗೆ ಸಂತೋಷವಾಯಿತು. ಡಾಕ್ಟರಿಗೆ ಆಗಲಿಲ್ಲ. ಹಾಳೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಆಮೇಲೆ ತುಂಬ ಮೆತ್ತಗೆ, "ನೀವು ಬಹಳ ದಣಿದಿದ್ದೀರಿ ಅಮ್ಮ, ಕೆಲವು ದಿನ ಮನೆಗೆ ಹೋಗಿ ನಿದ್ದೆ ಮಾಡಿ, ನಾವು ನೋಡ್ಕೋತೀವಿ" ಅಂದರು. ಎಷ್ಟು ಒಳ್ಳೆಯವರು ಅಂದುಕೊಂಡೆ.

ನಾನಿಲ್ಲದಾಗ ಗುಂಡುವಿಗೆ ಬರೀ ಡ್ರಿಪ್ ಹಾಕಿದ್ದರು. ಭೇದಿ ನಿಂತಿತ್ತು. ನಾನು ವಾಪಸು ಹೋದ ಬೆಳಿಗ್ಗೆ ಎದೆಹಾಲು ಕೊಟ್ಟೆ. ಮಧ್ಯಾಹ್ನಕ್ಕೆಲ್ಲ ಮತ್ತೆ ಶುರುವಾಯಿತು.

ಮಾರನೆಯ ದಿನ ನನ್ನನ್ನೂ ನಿಮ್ಮ ಭಾವನನ್ನೂ ಕೋಣೆಗೆ ಕರೆದರು. ಡಾಕ್ಟರ ಪಕ್ಕದಲ್ಲಿ ನಾನು ಯಾವತ್ತೂ ನೋಡಿರದ ಒಬ್ಬ ಹೆಂಗಸು ಕೂತಿದ್ದಳು, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಂತೆ.

"ಮನೇಲಿ ಭೇದಿ ಆಗೋ ಔಷಧಿ ಏನಾದ್ರೂ ಇಟ್ಟಿದ್ದೀರಾ?" ಅಂತ ಕೇಳಿದಳು.

"ಮನೆ ಯಾಕೆ, ನಮ್ಮೆಜಮಾನ್ರದ್ದು ಔಷಧಿ ಅಂಗಡಿನೇ ಇದೆಯಲ್ಲ. ಎಲ್ಲಾ ಇರುತ್ತೆ. ನಿಮಗೇನಾದ್ರೂ ಬೇಕಿತ್ತಾ?" ಅಂದೆ.

ಆ ಹೆಂಗಸು ನನ್ನ ಕಡೆ ನೀರಿನ ಲೋಟ ಸರಿಸಿದಳು. "ಕೆಲವು ಸಲ ತಾಯಂದಿರಿಗೆ ತುಂಬಾ ಸುಸ್ತಾಗಿರುತ್ತೆ. ಮಗು ಆಸ್ಪತ್ರೇಲಿದ್ರೆ ಜನ ತಮ್ಮನ್ನೂ ವಿಚಾರಿಸ್ಕೋತಾರೆ ಅನ್ಸುತ್ತೆ. ತಪ್ಪು ಅಂತ ಹೇಳ್ತಿಲ್ಲ."

ಗುಂಡುವಿಗೆ ಭೇದಿ ಔಷಧಿ ಕುಡಿಸುತ್ತಿರುವುದು ನಾನೇ ಅಂತ ಅವಳು ಹೇಳುತ್ತಿದ್ದಾಳೆ ಎಂದು ನನಗೆ ತಿಳಿದದ್ದು ಮೆಟ್ಟಿಲು ಇಳಿಯುವಾಗ. ಅಲ್ಲೇ ಕೂತುಬಿಟ್ಟೆ.

ಈಗ ಗುಂಡುವನ್ನು ಮತ್ತೆ ಬರೀ ಡ್ರಿಪ್ಪಿನ ಮೇಲೆ ಗಾಜಿನ ಕೋಣೆಯಲ್ಲಿ ಮಲಗಿಸಿದ್ದಾರೆ. ನಾನು ಹೊರಗಿನಿಂದ ನೋಡಬಹುದು. ಮುಟ್ಟುವ ಹಾಗಿಲ್ಲ. ಹಿಂಡಿ ಕೊಟ್ಟ ಹಾಲೂ ಬೇಡ ಅಂದರು, ಎದೆ ಕಲ್ಲಾಗಿದೆ. ಅವಳು ನನ್ನನ್ನು ಕಂಡರೆ ಬಾಯಿ ತೆರೆಯುತ್ತಾಳೆ. ನಾನೂ ಇಲ್ಲಿಂದ ತೆರೆಯುತ್ತೇನೆ.

ನಿಮ್ಮ ಭಾವ ಆ ಕೋಣೆಯಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಅಂಗಡಿಯ ಮಾತು ಬಂದಾಗ ಬಿಟ್ಟರು. ಬೆವರಿಗಿರಬಹುದು.

ಅಕ್ಕ


ಮೇ ೨೨

ಅಕ್ಕ,

ನಿನ್ನ ಕಾಗದವನ್ನು ನಾನು ಮೊದಲು ತಮಾಷೆ ಅಂದುಕೊಂಡೆ. ಇಷ್ಟು ವರ್ಷ ನಾನು ಮಾಡಿದ್ದಕ್ಕೆಲ್ಲ ಒಟ್ಟಿಗೆ ತೀರಿಸುತ್ತಿದ್ದಾಳೆ, ಕೊನೆಯ ಸಾಲಿನಲ್ಲಿ "ಹೇಗೆ ಬಿದ್ದೆ ನೋಡು" ಅಂತ ಇರುತ್ತದೆ ಅಂದುಕೊಂಡು ಹಾಳೆಯ ಹಿಂದೆ ನೋಡಿದೆ. ಲಕೋಟೆಯ ಒಳಗೆ ನೋಡಿದೆ. ಖಾಲಿ ಲಕೋಟೆಯೊಳಗೆ ಬೆರಳು ಹಾಕಿಕೊಂಡು ನಿಂತಿದ್ದವನನ್ನು ಮೇಡಂ ಕಂಡು, "ಏನ್ ಬಿದ್ದೋಯ್ತು?" ಅಂದರು. ಲಕೋಟೆಯನ್ನು ಜೇಬಿಗೆ ಸೇರಿಸಿದೆ.

ನಿಮ್ಮ ಆಸ್ಪತ್ರೆಯವರಿಗೆಲ್ಲ ಒಂದು ಕಾಗದ ಬರೆಯೋಣವೆಂದು ಕೂತೆ. "ಆರೋಪಿಯ ಪೂರ್ವಚರಿತ್ರೆ: ಸದರಿ ಹೆಂಗಸು ಬಾಲ್ಯದಲ್ಲಿ ತಮ್ಮನಿಗೆ ಕಹಿ ಔಷಧಿ ಕುಡಿಸುವಾಗ ಮೊದಲ ಚಮಚ ತಾನೇ ಕುಡಿದು, ಚೆನ್ನಾಗಿದೆ ಅಂತ ಸುಳ್ಳು ಹೇಳಿರುತ್ತಾಳೆ. ಮೇಲ್ಕಂಡ ಸುಳ್ಳನ್ನು ಬಿಟ್ಟರೆ" ಎಂದು ಬರೆದೆ. ಮುಂದೆ ಹೋಗಲಿಲ್ಲ. ನನಗೆ ಗೊತ್ತಿರುವ ಒಂದೇ ಧಾಟಿ ಇದು, ಇದರಲ್ಲಿ ಇದನ್ನು ಬರೆಯಲು ಆಗುವುದಿಲ್ಲ.

ಒಂದೇ ಒಂದು ಕೇಳುತ್ತೇನೆ. ನಿನ್ನನ್ನು ದೂರ ಇಟ್ಟ ದಿನಗಳಲ್ಲಿ ಗುಂಡುವಿನ ಬಾಯಿಗೆ ಏನೇನು ಹೋಗಿತ್ತು? ನರ್ಸನ್ನು ಕೇಳಿ ಬರೆ.

ಭಾವ ಬೆವರುವ ಜಾತಿಯವರೇ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ತಮ್ಮ


ಜೂನ್ ೬

ಕೋತಿ,

ಬೆವರಲ್ಲ.

ಹೋದ ಸೋಮವಾರ ನಿಮ್ಮ ಭಾವ ಅಂಗಡಿಯಿಂದ ಬೇಗ ಬಂದರು. ಬಹಳ ದಿನಗಳ ಮೇಲೆ ಮುಖ ಹಗುರವಾಗಿತ್ತು. ಕಿತ್ತಳೆ ಹಣ್ಣು ತಂದಿದ್ದರು.

"ಎಲ್ಲಾ ಸರಿಯಾಗಿದೆ ಕಣೇ," ಅಂದರು.

"ಏನು ಸರಿಯಾಗಿದೆ?"

"ಆ ಭೇದಿ ಮಾಡ್ಸೋ ಸಿರಪ್ಪು. ತರಿಸಿದ್ದು, ಮಾರಿದ್ದು, ಉಳಿದಿದ್ದು ಎಲ್ಲಾ ತಾಳೆ ಆಯ್ತು. ಒಂದು ಬಾಟ್ಲಿನೂ ಹೆಚ್ಚುಕಮ್ಮಿ ಇಲ್ಲ. ನಾಳೆ ಡಾಕ್ಟ್ರಿಗೆ ನಾನೇ ಹೇಳ್ತೀನಿ."

ನಾನು ಸಂತೋಷಪಡುತ್ತೇನೆ ಅಂದುಕೊಂಡಿದ್ದರು. ನಿಜವಾಗಿಯೂ ಅಂದುಕೊಂಡಿದ್ದರು.

"ಒಂದು ಕಮ್ಮಿ ಬಂದಿದ್ದಿದ್ರೆ?" ಅಂದೆ.

"ಬರ್ಲಿಲ್ವಲ್ಲ."

"ಬಂದಿದ್ದಿದ್ರೆ ಅಂತ ಕೇಳ್ದೆ."

ಹಣ್ಣು ಸುಲಿಯಲು ಕೂತರು. ಸಿಪ್ಪೆ ತೆಗೆದರು, ನಾರು ತೆಗೆದರು, ಎಳೆ ಎಳೆಯಾಗಿ ತೆಗೆಯುತ್ತಲೇ ಇದ್ದರು. ನಾನು ಎದ್ದು ಒಳಗೆ ಹೋದೆ. ಅವರು ಡಾಕ್ಟರಿಗೆ ಹೇಳಿದರಂತೆ. "ಔಷಧಿ ಅಂಗಡಿ ಊರಲ್ಲಿ ಒಂದೇ ಅಲ್ವಲ್ಲ" ಅಂದರಂತೆ ಡಾಕ್ಟರು.

ನಾನು ನನ್ನ ಕನ್ನಡಕದ ಅಂಗಡಿಯ ಕೆಲಸಕ್ಕೆ ಎರಡು ದಿನ ಹೋಗಿದ್ದೆ. ಕೈ ಸುಮ್ಮನೆ ಕೂರುವುದಿಲ್ಲ. ಎದುರಿಗೆ ಕೂತವರ ಎರಡು ಕಣ್ಣುಗಳ ನಡುವಿನ ಅಂತರ ಅಳೆಯಬೇಕಲ್ಲ, ಅವರು ನೇರ ನನ್ನ ಕಣ್ಣನ್ನೇ ನೋಡಬೇಕು. ಒಬ್ಬ ಗಿರಾಕಿ ನೋಡುತ್ತಿದ್ದಂತೆ, ಇವನಿಗೂ ಗೊತ್ತಿರಬಹುದಾ ಅನ್ನಿಸಿತು. ಸ್ಕೇಲು ಕೆಳಗೆ ಬಿತ್ತು. ಅಂಗಡಿಯ ಯಜಮಾನರು, ಇನ್ನೂ ಸ್ವಲ್ಪ ರಜೆ ತಗೊಳ್ಳಿ ಅಂದರು.

ನೀನು ಕೇಳಿದ್ದಕ್ಕೆ ಉತ್ತರ. ಆ ದಿನಗಳಲ್ಲಿ ಅವಳ ಬಾಯಿಗೆ ಏನೂ ಹೋಗಿಲ್ಲ. ತುಟಿ ಒಣಗಿದಾಗ ನರ್ಸು ಚಮಚದಲ್ಲಿ ನೀರು ಕೊಟ್ಟಿದ್ದಾಳೆ. ನೀರಿನಿಂದ ಅವಳಿಗೆ ಯಾವತ್ತೂ ತೊಂದರೆ ಆಗಿಲ್ಲ. ನೀರು ಕುಡಿದರೆ ಏನೂ ಆಗುವುದಿಲ್ಲ. ನನ್ನ ಹಾಲು, ಡಬ್ಬದ ಹಾಲು, ಸಕ್ಕರೆ ನೀರು, ಬೇರೆ ಏನು ಕೊಟ್ಟರೂ ಭೇದಿ ಆಗುತ್ತದೆ. ಇದನ್ನು ಮೊದಲಿನಿಂದಲೂ ಹೇಳುತ್ತಿದ್ದೇನೆ. ಈಗ ನಾನು ಏನು ಹೇಳಿದರೂ ಅವರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ, ಅಷ್ಟೇ.

ನನ್ನ ವಿರುದ್ಧ ಮೇಲಿನವರಿಗೆ ದೂರು ಕೊಡುವ ಮೊದಲು ಆ ಕರುಳಿನ ಚೂರನ್ನು ಇನ್ನೊಂದು ಕಡೆ ತೋರಿಸಬೇಕಂತೆ, ಅದು ನಿಯಮವಂತೆ. ನಿಮ್ಮ ಲ್ಯಾಬಿಗೇ ಬರುತ್ತದೆ. ಅಲ್ಲೂ ಸಹಜ ಅಂತ ಬಂದರೆ ಗುಂಡುವನ್ನು ನನ್ನ ಕೈಗೆ ಕೊಡುವುದಿಲ್ಲ. ಆ ಹೆಂಗಸು ಇದನ್ನೂ ಮೆತ್ತಗೇ ಹೇಳಿದಳು.

ಅಕ್ಕ


ಜೂನ್ ೧೫

ಅಕ್ಕ,

ಗುಂಡುವಿನ ಸವಾರಿ ನಮ್ಮ ಲ್ಯಾಬಿಗೆ ಬಂದಿದೆ. ಹೆಬ್ಬೆರಳಿನ ಉಗುರಿನಷ್ಟು ಮೇಣದ ಬಿಲ್ಲೆ, ಅದರ ನಡುವೆ ಒಂದು ಬಿಳಿ ಚುಕ್ಕೆ. ಪೊಟ್ಟಣ ಬಿಚ್ಚಿದವನು ನಾನು. ಸೋದರಮಾವನು ಸೊಸೆಯನ್ನು ಪ್ರಥಮ ಬಾರಿಗೆ ಎತ್ತಿಕೊಂಡದ್ದು ಹೀಗೆ, ಕೈಗವಸು ಹಾಕಿಕೊಂಡು.

ಮೇಡಂಗೆ ಹೇಳಿಬಿಟ್ಟೆ, ಇದು ನಮ್ಮ ಅಕ್ಕನ ಮಗು ಅಂತ. "ಹಾಗಾದ್ರೆ ನೀನು ದೂರ ನಿಂತ್ಕೋ," ಅಂದರು. ಜೊತೆಗೆ ಬಂದಿದ್ದ ಸ್ಲೈಡುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮನಸ್ಸು ಕರಗಿ ನನಗೂ ತೋರಿಸಿದರು. ಬೆರಳುಗಳ ಹಾಗೆ ಎದ್ದು ನಿಂತ ಮಡಿಕೆಗಳು. ಲೋಳೆಯವರು ಹಾಜರು, ಹೊಟ್ಟೆ ತುಂಬಿ ಊದಿಕೊಂಡಿದ್ದಾರೆ. ಕಾವಲಿನವರು ಹಾಜರು, ತಳದಲ್ಲಿ ಕೆಂಪು ಕಾಳು ತುಂಬಿಕೊಂಡು ಕೂತಿದ್ದಾರೆ. ಇಷ್ಟು ಚೆಂದದ ಕರುಳನ್ನು ಪುಸ್ತಕದಲ್ಲೂ ಅಚ್ಚು ಹಾಕಬಹುದು.

"ಸಹಜ," ಅಂದರು ಮೇಡಂ, ಪೆನ್ನು ತೆಗೆದುಕೊಂಡರು.

"ಮೇಡಂ, ಒಂದು ಸಾಲು ಓದ್ಲಾ?"

"ಏನು, ಪದ್ಯಾನಾ?"

"ಅಕ್ಕನ ಕಾಗದ."

ನೀರಿನ ಸಾಲು ಓದಿದೆ. ಅವರ ಪೆನ್ನು ಹಾಳೆಯ ಮೇಲೆ ಇಳಿಯುವುದರಲ್ಲಿತ್ತು, ಇಳಿಯಲಿಲ್ಲ. "ಇನ್ನೊಂದ್ಸಲ ಓದು." ಓದಿದೆ. ಪೆನ್ನಿಗೆ ಮುಚ್ಚಳ ಹಾಕಿದರು.

"ಅವ್ರು ತಾಯೀನೂ ನಿಲ್ಸಿದ್ರು, ಊಟಾನೂ ನಿಲ್ಸಿದ್ರು. ಎರಡೂ ಒಟ್ಟಿಗೆ. ಭೇದಿ ನಿಂತಿದ್ದು ಯಾವುದಕ್ಕೆ ಅಂತ ಯಾರೂ ಕೇಳ್ಕೊಳ್ಳಲೇ ಇಲ್ವಾ?" ಅಂದು ಮತ್ತೆ ಮೈಕ್ರೋಸ್ಕೋಪಿಗೆ ಬಗ್ಗಿದರು. "ನಾನೂ ಈಗ ಸಹಜ ಅಂತ ಬರೀತಿದ್ದೆ. ಸುದ್ದಿ ಹೇಳೋ ಕೋಶಗಳಿಗೆ ಬೇರೆ ಬಣ್ಣ ಇದೆಯಲ್ಲ, ಅದನ್ನ ಹಾಕು."

ಆ ಬಣ್ಣ ಹಾಕುವವರು ನಮ್ಮಲ್ಲಿ ಇಬ್ಬರೇ. ಇನ್ನೊಬ್ಬರು ಬೆನ್ನು ಹಿಡಿದುಕೊಂಡು ರಜೆಯ ಮೇಲಿದ್ದಾರೆ. ಆದ್ದರಿಂದ ಸಕಲ ಮರ್ಯಾದೆಗಳೊಂದಿಗೆ ಈ ಕಾರ್ಯವು ನನ್ನ ಪಾಲಿಗೆ ಬಂದಿರುತ್ತದೆ. ಸುದ್ದಿಯವರಿದ್ದರೆ ಕಂದು ಬಣ್ಣಕ್ಕೆ ತಿರುಗುತ್ತಾರೆ. ಫಲಿತಾಂಶ ಬಂದ ಕೂಡಲೇ ಬರೆಯುತ್ತೇನೆ.

ಕೋತಿ


ಜೂನ್ ೨೭

ತಮ್ಮಾ,

ಕೂಡಲೇ ಬರೆಯುತ್ತೇನೆ ಅಂದಿದ್ದೆ.

ದಿನಾ ವಾರ್ಡಿನ ಕೆಳಗಿನ ಕಿಟಕಿಯಲ್ಲಿ ಕೇಳುತ್ತೇನೆ, ನನಗೆ ಕಾಗದ ಏನಾದರೂ ಬಂದಿದೆಯಾ ಅಂತ. ಅಲ್ಲಿ ಕೂರುವ ಮುದುಕ ಈಗ ನಾನು ಬರುವುದನ್ನು ಕಂಡ ಕೂಡಲೇ ತಲೆ ಅಲ್ಲಾಡಿಸಿಬಿಡುತ್ತಾನೆ, ನಾನು ಅಷ್ಟು ದೂರ ನಡೆಯದಿರಲಿ ಅಂತ.

ಆ ಬಣ್ಣದಲ್ಲೂ ಎಲ್ಲ ಸರಿಯಾಗಿಯೇ ಬಂತಾ? ಹಾಗಿದ್ದರೆ ಅದನ್ನೇ ಬರೆ. ಬರೆಯುವುದು ಹೇಗೆ ಅಂತ ಯೋಚಿಸುತ್ತಿದ್ದೀಯಾ? ಅಥವಾ ನೀನೂ ಕೂತು ಬಾಟ್ಲಿ ಎಣಿಸುತ್ತಿದ್ದೀಯಾ?

ಕೊನೆಯ ಸಾಲನ್ನು ಹೊಡೆದುಹಾಕಬೇಕು ಅಂತಿದ್ದೆ. ಹಾಗೇ ಬಿಟ್ಟಿದ್ದೇನೆ.

ಅಕ್ಕ


ಜುಲೈ ೨

ಅಕ್ಕ,

ಕೂತ್ಕೊಂಡು ಓದು. ಭಾವ ಅಲ್ಲೇ ಇದ್ದರೆ ಅವರೂ ಓದಲಿ.

ಆ ದಿನ ನಾನು ಬಣ್ಣ ಹಾಕಿ ಸ್ಲೈಡು ಕೊಟ್ಟೆ. ನಮ್ಮ ಪದ್ಧತಿ ಏನೆಂದರೆ, ಒಂದೇ ಗಾಜಿನ ಮೇಲೆ ರೋಗಿಯ ಚೂರಿನ ಪಕ್ಕದಲ್ಲಿ ಬೇರೆ ಯಾರದೋ ಆರೋಗ್ಯವಂತ ಕರುಳಿನ ಚೂರನ್ನೂ ಇಡುತ್ತೇವೆ. ಅದು ಸಾಕ್ಷಿ. ಸಾಕ್ಷಿಗೆ ಬಣ್ಣ ಹತ್ತಿದರೆ ಬಣ್ಣ ಚೆನ್ನಾಗಿದೆ ಅಂತ ಅರ್ಥ. ಸಾಕ್ಷಿಗೆ ಹತ್ತಿತ್ತು, ಮೆಣಸಿನ ಪುಡಿ ಉದುರಿಸಿದ ಹಾಗೆ ಅಲ್ಲಲ್ಲಿ ಕಂದು. ಪಕ್ಕದಲ್ಲಿ ಗುಂಡು. ಗುಂಡುವಿನಲ್ಲಿ ಒಂದೂ ಇಲ್ಲ.

ಕಡಿಮೆ ಅಲ್ಲ ಅಕ್ಕ. ಒಂದೂ ಇಲ್ಲ.

ಮೇಡಂ ಸ್ಲೈಡನ್ನು ಆ ತುದಿಯಿಂದ ಈ ತುದಿಗೆ ಸರಿಸಿದರು. ಮತ್ತೆ ಸರಿಸಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಕುರ್ಚಿ ನನ್ನ ಕಡೆ ತಿರುಗಿತು. ಈರುಳ್ಳಿಯ ದಿನ ತಿರುಗಿದಷ್ಟೇ ನಿಧಾನಕ್ಕೆ.

"ಏನ್ ಮಾಡ್ದೆ?"

"ಹೇಳಿದ್ದನ್ನೇ ಮಾಡಿದ್ದೀನಿ ಮೇಡಂ."

"ಈ ಚೂರಿಗೆ ಬಣ್ಣ ತಾಗದ ಹಾಗೆ ಏನಾದ್ರೂ ಮಾಡಿದ್ಯಾ?"

"ಇಲ್ಲ."

"ನೋಡು, ಬೈಯೋದಿಲ್ಲ. ಎಚ್ಚರಿಕೆ ಪತ್ರಾನೂ ಕೊಡೋದಿಲ್ಲ. ನಿನ್ನ ಅಕ್ಕ, ಉಳಿಸ್ಕೋಬೇಕು ಅನ್ಸುತ್ತೆ, ನನಗೂ ಅರ್ಥ ಆಗುತ್ತೆ. ಮಾಡಿದ್ರೆ ಈಗ್ಲೇ ಹೇಳು."

"ಮಾಡಿಲ್ಲ ಮೇಡಂ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಮೇಡಂ ಹೆದರಿದ್ದನ್ನು ನಾನು ನೋಡಿರಲಿಲ್ಲ. "ಇದೊಂದು ಸಲ ತಮಾಷೆ ಅಂತ ಹೇಳಪ್ಪ," ಅಂದರು.

ಅದುವರೆಗೂ ನಾನು ಮನಸ್ಸಿನಲ್ಲೇ ಕುಣಿಯುತ್ತಿದ್ದೆ, ಅಕ್ಕ ಗೆದ್ದಳು, ಅಕ್ಕ ಗೆದ್ದಳು ಅಂತ. ಆ ಖಾಲಿ ಜಾಗ ಗುಂಡುವಿನ ಹೊಟ್ಟೆಯೊಳಗಿನದು ಅಂತ ನನಗೆ ಹೊಳೆದೇ ಇರಲಿಲ್ಲ.

ಅವರು ಸ್ಲೈಡನ್ನು ಪಕ್ಕಕ್ಕಿಟ್ಟರು. "ನಿನ್ನ ಕೈಗೆ ಕೊಡಬಾರ್ದಿತ್ತು. ತಪ್ಪು ನಂದು. ಇದನ್ನ ಯಾರು ಮಾಡಿದ್ದು ಅಂತ ಕೇಳಿದ್ರೆ ಏನ್ ಹೇಳ್ಲಿ? ಮಗುವಿನ ಮಾವ ಅಂತ. ಎಂಥಾ ಮನುಷ್ಯ ಅಂತ ಕೇಳಿದ್ರೆ? ಈರುಳ್ಳಿ ಹುಡುಗ ಅಂತ." ಇನ್ನೊಂದು ಸಲ, ಬೇರೆ ಸೀಸೆಯಿಂದ, ಅವರೇ ಕೈಯಾರೆ ಮಾಡುತ್ತಾರೆ, ಅದು ಮುಗಿಯುವವರೆಗೆ ನಿನಗೆ ಒಂದಕ್ಷರ ಬರೆಯಕೂಡದು ಅಂದರು. "ಬಣ್ಣ ಕೈಕೊಟ್ಟಿದ್ರೆ ಆ ಹೆಣ್ಣುಮಗಳಿಗೆ ಎರಡೆರಡು ಸಲ ಹ್ಯಾಗೆ ಹೇಳ್ತೀಯ?" ಹೊಸ ಸೀಸೆ ಬೇರೆ ಊರಿನಿಂದ ಬರಬೇಕಿತ್ತು. ನಿನ್ನ ಕಾಗದ ಬಂದಾಗ ಅದಿನ್ನೂ ಬಂದಿರಲಿಲ್ಲ. ಕೊನೆಯ ಸಾಲು ಓದಿದೆ. ನನ್ನ ಜಾಗದಲ್ಲಿ ಯಾರಿದ್ದರೂ ನೀನು ಹಾಗೆ ಬರೆಯುತ್ತಿದ್ದೆ.

ಸೀಸೆ ಬಂದ ದಿನ ನನ್ನನ್ನು ಹೊರಗೆ ಹಾಕಿದರು. "ಗಾಜಿನ ಬಾಗಿಲ ಆಚೆ ನಿಂತ್ಕೋ. ಎರಡೂ ಕೈ ಗಾಜಿನ ಮೇಲಿಡು. ನಂಗೆ ಕಾಣ್ತಾ ಇರ್ಬೇಕು." ಅಂಗೈಗಳನ್ನು ಗಾಜಿಗೊತ್ತಿ, ಸಿಕ್ಕಿಬಿದ್ದ ಜೇಬುಗಳ್ಳನ ಹಾಗೆ ನಿಂತೆ. ಹೋಗಿಬರುವವರೆಲ್ಲ ಇದೂ ನನ್ನದೇ ಏನೋ ಆಟ ಅಂದುಕೊಂಡು ನಕ್ಕು ಹೋದರು.

ಬಿಲ್ಲೆಯಲ್ಲಿ ಚೂರು ಉಳಿದದ್ದೇ ಚೂರು. ಮೇಡಂ ಕೊಯ್ಯುವ ಯಂತ್ರ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಮೊದಲ ಪದರ ಸುರುಳಿ ಸುತ್ತಿಕೊಂಡು ಹಾಳಾಯಿತು. ಎರಡನೆಯದು ಬಿಸಿನೀರಿನ ಮೇಲೆ ತೇಲಿಸುವಾಗ ಹರಿಯಿತು. ನಿಧಾನ ಮೇಡಂ, ಉಸಿರು ಬಿಡಬೇಡಿ ಮೇಡಂ ಅಂತ ನಾನು ಗಾಜಿನ ಈಚೆ ಪಿಸುಗುಡುತ್ತಿದ್ದೆ. ಮೂರನೆಯದು ಸ್ಲೈಡಿನ ಮೇಲೆ ಸರಿಯಾಗಿ ಮಲಗಿತು.

ಸಂಜೆ ಒಳಗೆ ಕರೆದರು. ಕುರ್ಚಿ ಬಿಟ್ಟುಕೊಟ್ಟರು.

ನೋಡಿದೆ. ಸಾಕ್ಷಿ ಕಂದು. ಗುಂಡು ಖಾಲಿ. ಅಕ್ಕ, ನಾನು ಒಂದೇ ಒಂದು ಕಂದು ಚುಕ್ಕೆಗಾಗಿ ಹುಡುಕಿದೆ. ಸಿಕ್ಕಿದ್ದರೆ ಆರೋಪ ನಿನ್ನ ತಲೆಯ ಮೇಲೇ ಉಳಿಯುತ್ತಿತ್ತು, ಅದು ಗೊತ್ತಿದ್ದೂ ಮೂಲೆ ಮೂಲೆ ಹುಡುಕಿದೆ. ಮೇಡಂ ಬೆನ್ನ ಮೇಲೆ ಕೈಯಿಟ್ಟು, "ಸಾಕು ಬಿಡು," ಅಂದರು.

ಇದರ ಅರ್ಥ ಇಷ್ಟು. ಅವಳು ಹುಟ್ಟಿದ್ದೇ ಸುದ್ದಿಯವರಿಲ್ಲದೆ. ಹಾಲು ಬಂತು ಅಂತ ಹೇಳುವವರು ಯಾರೂ ಇಲ್ಲ. ಆದ್ದರಿಂದ ಬಂದದ್ದು ಬಂದ ಹಾಗೆ ಹೊರಟುಹೋಗುತ್ತದೆ. ನೀರಿಗೆ ಅವರ ಅಪ್ಪಣೆ ಬೇಕಿಲ್ಲ, ಅದು ದಕ್ಕುತ್ತದೆ. ಇದು ಬಹಳ ಬಹಳ ಅಪರೂಪವಂತೆ, ಮೇಡಂ ಪುಸ್ತಕದಲ್ಲಿ ಓದಿದ್ದರಷ್ಟೇ. ಗುಣವಾಗುವ ಔಷಧಿ ಇಲ್ಲ. ಊಟವನ್ನು ನೇರ ರಕ್ತಕ್ಕೇ ಕೊಟ್ಟು ಬೆಳೆಸಬೇಕು. ಮಿಕ್ಕಿದ್ದನ್ನು ನಿಮ್ಮ ಡಾಕ್ಟರು ಹೇಳಬೇಕು, ನಾನು ಬಣ್ಣ ಹಚ್ಚುವವನು.

ಮೇಡಂ ನಿಮ್ಮ ಡಾಕ್ಟರಿಗೆ ಫೋನು ಮಾಡಿದ್ದು ಗೋಡೆಯಾಚೆಯಿಂದ ಕೇಳಿಸಿತು. "ತಾಯಿ ಅಲ್ಲ... ಇಲ್ಲ ರೀ, ತಾಯಿ ಅಲ್ಲ... ಬರೆದು ಕಳಿಸ್ತೀನಿ. ಅದು ಬರೋವರೆಗೆ ಕಾಯ್ಬೇಡಿ, ಮೊದಲು ಅವಳನ್ನ ಒಳಗೆ ಬಿಡಿ."

ತಮ್ಮ


ಜುಲೈ ೨೦

ಕೋತಿ,

ನಿನ್ನ ಕಾಗದಕ್ಕಿಂತ ಮುಂಚೆ ಡಾಕ್ಟರು ಹೇಳಿದರು. ಈ ಸಲ ಕೋಣೆಗೆ ಕರೆಯಲಿಲ್ಲ, ಅವರೇ ಹುಡುಕಿಕೊಂಡು ಬಂದರು. ನಾನು ಗಾಜಿನ ಮುಂದೆ ನಿಂತಿದ್ದೆ. ನಿಮ್ಮ ಭಾವ ಬೆಂಚಿನ ಮೇಲಿದ್ದರು. ಡಾಕ್ಟರು ನಿನ್ನ ಹಾಗೆ ಚೆನ್ನಾಗಿ ಹೇಳಲಿಲ್ಲ. ಕೆಲವು ಕೋಶಗಳು ಹುಟ್ಟಿನಿಂದಲೇ ಇಲ್ಲ, ಇನ್ನು ಬರುವುದೂ ಇಲ್ಲ, ಇದು ಜೀವಮಾನದ ಕಾಯಿಲೆ ಅಂದರು. ನಿಮ್ಮದೇನೂ ತಪ್ಪಿಲ್ಲ ಅಂದರು.

ನಾನು ನಕ್ಕುಬಿಟ್ಟೆ.

ಮುಗುಳ್ನಗೆ ಅಲ್ಲ. ಜೋರಾಗಿ, ಬಾಯಿ ತುಂಬ, ನಿನ್ನ ಈರುಳ್ಳಿಗೆ ನಕ್ಕ ಹಾಗೆ. ನಿಲ್ಲಿಸಲು ಆಗಲಿಲ್ಲ. ನರ್ಸು ಎದ್ದು ನಿಂತಳು. ಡಾಕ್ಟರು ಒಂದು ಹೆಜ್ಜೆ ಹಿಂದೆ ಹೋದರು. ಗಾಜಿನ ಆಚೆ ಗುಂಡು ನನ್ನ ಬಾಯಿ ತೆರೆದದ್ದು ಕಂಡು ತಾನೂ ತೆರೆದಳು. ಅದನ್ನು ನೋಡಿದ ಮೇಲೆ ನಿಂತಿತು. ನನ್ನ ಮಗುವಿಗೆ ಗುಣವಾಗುವುದಿಲ್ಲ ಅಂತ ಕೇಳಿ ನಾನು ನಕ್ಕಿದ್ದೇನೆ. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನೀನು ಒಂದು ಚುಕ್ಕೆ ಹುಡುಕಿದ್ದನ್ನು ಓದಿದೆ. ನಾನು ಹುಡುಕುತ್ತಿರಲಿಲ್ಲ ಅನ್ನಿಸುತ್ತದೆ. ಇದನ್ನು ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಗುಂಡುವಿನ ಕತ್ತಿನ ಕೆಳಗೆ, ಎದೆಯ ಮೇಲೆ ಒಂದು ಸಣ್ಣ ಕೊಳವೆ ಹೊಲಿದಿದ್ದಾರೆ. ಅದರೊಳಗೆ ಹಾಲಿನಂಥದ್ದು ಹನಿ ಹನಿಯಾಗಿ ಹೋಗುತ್ತದೆ. ಕೆನ್ನೆ ಸ್ವಲ್ಪ ತುಂಬಿದೆ. ಎತ್ತಿಕೊಂಡರೆ ತೋಳಿಗೆ ಭಾರ ಗೊತ್ತಾಗುತ್ತದೆ. ಆ ಮೆತ್ತಗಿನ ಹೆಂಗಸು ಒಂದು ದಿನ ಬಂದು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬನ್ನಿ ಅಂತ ನಾನು ಕರೆಯಲಿಲ್ಲ.

ಮನೆಗೆ ಕಳಿಸುತ್ತಾರೆ. ಅದಕ್ಕೆ ಮೊದಲು ಕೊಳವೆ ಜೋಡಿಸುವುದು, ಬಿಚ್ಚುವುದು, ಚೀಲ ತೂಗುಹಾಕುವುದು ಎಲ್ಲ ನಾವೇ ಕಲಿಯಬೇಕು. ಒಂದಿಷ್ಟು ಕೊಳೆ ಒಳಗೆ ಹೋದರೂ ಜೀವಕ್ಕೆ ಅಪಾಯ. ಇವತ್ತು ಮೊದಲ ಪಾಠ. ಇಷ್ಟು ದಿನ ಮಗುವನ್ನು ಮುಟ್ಟಬೇಡಿ ಅಂದಿದ್ದ ಅದೇ ನರ್ಸು, "ಇನ್ಮೇಲೆ ನಿಮ್ಮಿಬ್ಬರನ್ನ ಬಿಟ್ಟು ಬೇರೆ ಯಾರೂ ಇದನ್ನ ಮುಟ್ಟಬಾರ್ದು ಅಮ್ಮ. ಮೊಣಕೈವರೆಗೂ ತೊಳೀರಿ. ನಾನು ಸಾಕು ಅನ್ನೋವರೆಗೆ," ಅಂದಳು.

ತೊಳೆಯುತ್ತಾ ನಿಂತೆ. ಗೋಡೆಯಲ್ಲಿ ಒಂದೇ ನಲ್ಲಿ. ಹಿಂದೆ ನಿಮ್ಮ ಭಾವ ಅಂಗಿಯ ತೋಳು ಮಡಚಿಕೊಂಡು, ಎರಡೂ ಕೈ ಮುಂದೆ ಹಿಡಿದುಕೊಂಡು ಕಾಯುತ್ತಿದ್ದರು. ಬಾಟ್ಲಿಯ ಮಾತನ್ನು ಅವರು ಆಮೇಲೆ ಎತ್ತಿಲ್ಲ. ನಾನೂ ಎತ್ತಿಲ್ಲ. ಸಾಕು ಅಂದಳು ನರ್ಸು. ನಾನು ತೊಳೆಯುತ್ತಲೇ ಇದ್ದೆ. ಅವರು ಆ ಕಡೆ ಸರಿ ಅನ್ನಲಿಲ್ಲ, ಆಗಲಿ ಬೇಗ ಅನ್ನಲಿಲ್ಲ, ಕೈ ಮುಂದೆ ಹಿಡಿದುಕೊಂಡೇ ನಿಂತಿದ್ದರು.

ಆಮೇಲೆ ನಾನು ಒಂದು ಗೇಣು ಪಕ್ಕಕ್ಕೆ ಸರಿದೆ. ಅವರ ಕೈ ನೀರಿಗೆ ಎಟುಕುವಷ್ಟು. ಇವತ್ತಿಗೆ ಅದಕ್ಕಿಂತ ಹೆಚ್ಚು ಆಗಲಿಲ್ಲ.

ಅಕ್ಕ